ಯಾರ ಹೊಲದ ಮೇಲೆ ಯಾರ ಓಟ?



ಕಬ್ಬಿನ ಬಾಕಿ, ಈರುಳ್ಳಿ ಬೆಲೆ, ಸೊಸೈಟಿ ಸಾಲ ಎಲ್ಲ ಬಿಟ್ಟು ಈ ತಿಂಗಳು ಸಾಹುಕಾರರ ಕಾರಿನ ಮಾತು ಯಾಕೆ ಅಂತ ನೀವು ಹುಬ್ಬು ಗಂಟು ಹಾಕಬಹುದು. ಸ್ವಲ್ಪ ತಾಳಿ. ಕಾರು ಅವರದು, ಆದರೆ ಅದು ಓಡುವ ನೆಲ ನಮ್ಮಂಥವರದು. ಅದಕ್ಕೇ ಈ ಮಾತು.

ದೆಹಲಿ ಪಕ್ಕದ ಉತ್ತರ ಪ್ರದೇಶದಲ್ಲಿ ಗೌತಮ ಬುದ್ಧ ನಗರ ಅಂತ ಒಂದು ಜಿಲ್ಲೆ ಇದೆ. ಅಲ್ಲಿ ದನ್ಕೌರ್ ಊರಿನ ಆಸುಪಾಸು ಗೋಧಿ, ಭತ್ತ ಬೆಳೆಯುತ್ತಿದ್ದ ಬಯಲಿನಲ್ಲಿ 2011ರಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್ ಎಂಬ ರೇಸ್ ಟ್ರ್ಯಾಕು ಎದ್ದಿತು. ಆಸೆಯೇ ದುಃಖಕ್ಕೆ ಮೂಲ ಎಂದ ಮಹಾನುಭಾವನ ಹೆಸರನ್ನು ಲಂಗುಲಗಾಮಿಲ್ಲದ ಓಟಕ್ಕೆ ಇಟ್ಟಿದ್ದಾರೆ, ಅದಿರಲಿ. ನೆಲ 874 ಎಕರೆ. ದಾರಿಯ ಉದ್ದ ಐದು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಹದಿನಾರು ತಿರುವು, ಕಿಲೋಮೀಟರ್ ಉದ್ದದ ಒಂದು ನೇರ ಓಟ. ನಕ್ಷೆ ಬರೆದವನು ಹರ್ಮನ್ ಟಿಲ್ಕೆ ಎಂಬ ಜರ್ಮನ್ ಎಂಜಿನಿಯರ್. ಕಟ್ಟಿದ್ದು ಜೇಪಿ ಕಂಪನಿ.

ಇಂಥ ಟ್ರ್ಯಾಕುಗಳಲ್ಲಿ ದೊಡ್ಡ ರೇಸು ಇಲ್ಲದ ದಿನ ‘ಟ್ರ್ಯಾಕ್ ಡೇ’ ಅಂತ ನಡೆಯುತ್ತೆ. ಅದೇನು ಅಂತ ಮೊದಲು ತಿಳಿದುಕೊಳ್ಳೋಣ. ತಿಳಿಯದೆ ಬೈಯುವುದು ನಮ್ಮ ಜಾಯಮಾನವಲ್ಲ.

ಫೆರಾರಿ, ಲ್ಯಾಂಬೊರ್ಗಿನಿ, ಪೋರ್ಶೆ ಅಂತ ಕೋಟಿಗಟ್ಟಲೆ ಬೆಲೆಯ ಕಾರು ಇಟ್ಟುಕೊಂಡವರೂ, ಐವತ್ತು ಅರವತ್ತು ವರ್ಷದ ಹಳೇ ಕಾರನ್ನು ಮಗುವಿನಂತೆ ಸಾಕಿಕೊಂಡವರೂ ಒಂದು ದಿನದ ಬಾಡಿಗೆ ಹಂಚಿಕೊಂಡು ಸೇರುತ್ತಾರೆ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ನಿಯಮ ಹೇಳುತ್ತಾರೆ. ಹೆಲ್ಮೆಟ್ ಇಲ್ಲದೆ ಇಳಿಯುವಂತಿಲ್ಲ. ಹಳದಿ ಬಾವುಟ ಕಂಡರೆ ನಿಧಾನ, ಕೆಂಪು ಬಾವುಟ ಕಂಡರೆ ಎಲ್ಲರೂ ಹುಷಾರಾಗಿ ವಾಪಸು. ನೇರ ದಾರಿಯಲ್ಲಿ ಮಾತ್ರ ಹಿಂದಿಕ್ಕಬೇಕು, ಅದೂ ಮುಂದಿನವನು ಕೈ ತೋರಿಸಿ ದಾರಿ ಬಿಟ್ಟ ಮೇಲೆ. ಇದು ಪಂದ್ಯ ಅಲ್ಲ, ಬಹುಮಾನ ಇಲ್ಲ. ಹೊಸಬರು ಒಂದು ಗುಂಪು, ಪಳಗಿದವರು ಇನ್ನೊಂದು. ಸರದಿಯ ಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಹೊರಗೆ ಬರಬೇಕು. ಬ್ರೇಕು ಕಾದು ಕೆಂಡವಾಗಿರುತ್ತೆ, ಟೈರು ಸವೆದಿರುತ್ತೆ. ಹಳೇ ಕಾರುಗಳ ಡ್ರಮ್ ಬ್ರೇಕು ನಾಲ್ಕು ತಿರುವು ದಾಟುವಷ್ಟರಲ್ಲಿ ಸೋತುಹೋಗುವುದರಿಂದ ಅವನ್ನು ಬೇರೆಯಾಗಿಯೇ ಬಿಡುವುದುಂಟು. ಸೂಪರ್ ಕಾರು ಅಲ್ಲಿ ಲೀಟರಿಗೆ ಎರಡು ಮೂರು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಇಪ್ಪತ್ತು ನಿಮಿಷಕ್ಕೆ ನಲವತ್ತು ಕಿಲೋಮೀಟರ್ ಅಂದುಕೊಳ್ಳಿ. ಹದಿನೈದು ಲೀಟರು ಹೊಗೆ. ಅಷ್ಟು ಡೀಸೆಲ್ಲಿನಲ್ಲಿ ನಿಮ್ಮ ಟ್ರ್ಯಾಕ್ಟರು ಎಷ್ಟು ಎಕರೆ ಉಳುತ್ತೆ, ನೀವೇ ಲೆಕ್ಕ ಹಾಕಿ.

ಹಾಗಂತ ಓಟದ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಎತ್ತು ಕಟ್ಟಿ ಗಾಡಿ ಓಡಿಸುವವರು ನಾವು. ಕೋಣ ಹೂಡಿ ಕೆಸರುಗದ್ದೆಯಲ್ಲಿ ಕಂಬಳ ಓಡಿಸುವವರು ನಾವು. ಒಳ್ಳೇ ಜೋಡಿ ಎತ್ತಿಗೆ ಸಾಲ ಮಾಡಿಯಾದರೂ ದುಡ್ಡು ಸುರಿದವರು ನಮ್ಮಲ್ಲಿ ಊರಿಗೆ ಹತ್ತು ಜನ ಸಿಗುತ್ತಾರೆ. ವೇಗದ ಹುಚ್ಚು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೂರಾ ಐವತ್ತು ಸ್ಪೀಡಿನಲ್ಲಿ ಹೆದ್ದಾರಿಗೆ ಬಂದು ನಮ್ಮ ಗಾಡಿ, ನಮ್ಮ ಮಕ್ಕಳ ಮೇಲೆ ಹರಿಸುವ ಬದಲು ಬೇಲಿಯೊಳಗೆ ಓಡಿಸಿಕೊಳ್ಳಲಿ. ಅದು ಒಳ್ಳೆಯದೇ. ನಮ್ಮ ಹುಡುಗರು ಮೊಬೈಲಿನಲ್ಲಿ ಆ ಕಾರುಗಳನ್ನು ನೋಡಿ ಬಾಯಿ ಬಿಟ್ಟರೆ ಅವರನ್ನೂ ಗದರಬೇಡಿ.

ಪ್ರಶ್ನೆ ಇರುವುದು ಬೇಲಿ ಯಾರ ಹೊಲಕ್ಕೆ ಹಾಕಿದರು ಅನ್ನುವುದು. ಕಂಬಳದ ಗದ್ದೆಗೆ ಯಾವ ಸರ್ಕಾರವೂ ಪಕ್ಕದವನ ಜಮೀನು ಕಿತ್ತುಕೊಟ್ಟಿಲ್ಲ. ಕೊಡುವುದಿರಲಿ, ಆ ಗದ್ದೆಯ ಓಟಕ್ಕೆ 2014ರಿಂದ 2023ರ ಮೇ ತಿಂಗಳವರೆಗೆ ಸುಪ್ರೀಂ ಕೋರ್ಟಿನ ಕತ್ತಿ ತೂಗುತ್ತಿತ್ತು. ಕಾರಿನ ಓಟಕ್ಕೆ ಏನಾಯಿತು ನೋಡಿ.

ಗ್ರೇಟರ್ ನೋಯ್ಡಾದಿಂದ ಆಗ್ರಾದವರೆಗೆ 165 ಕಿಲೋಮೀಟರ್ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿ ಮಾಡಲು ಹೊರಟರು. ರಸ್ತೆ ಕಟ್ಟುವ ಕಂಪನಿಗೆ ರಸ್ತೆಯ ಟೋಲು ಸಾಲದು ಅಂತ ಪಕ್ಕದ ಜಮೀನನ್ನೂ ಕೊಡಲು ಒಪ್ಪಂದವಾಯಿತು. ಅದರ ಮೇಲೆ ಆಟದ ನಗರ ಎಂಬ ಹೆಸರಿನಲ್ಲಿ ಯಮುನಾ ಪ್ರಾಧಿಕಾರ ಸುಮಾರು 1,000 ಹೆಕ್ಟೇರ್ ಹಂಚಿಕೊಟ್ಟಿತು. ಅಂದರೆ ಎರಡೂವರೆ ಸಾವಿರ ಎಕರೆ. ಅದರೊಳಗೆ ಈ ರೇಸ್ ಟ್ರ್ಯಾಕು, ಸುತ್ತ ಮನೆ, ಫ್ಲ್ಯಾಟು. ಈ ನೆಲ ಆಕಾಶದಿಂದ ಬೀಳಲಿಲ್ಲ. 1894ರಲ್ಲಿ ಇಂಗ್ಲಿಷರು ಮಾಡಿಟ್ಟುಹೋದ ಭೂಸ್ವಾಧೀನ ಕಾಯ್ದೆಯ ಕೈಯಿಂದ ಬಂತು. ಆ ಕಾಯ್ದೆಯಲ್ಲಿ 17ನೇ ಕಲಂ ಅಂತ ಒಂದು ತುರ್ತು ಕಲಂ ಇತ್ತು. ಪ್ರವಾಹ ಬಂದಾಗ, ರೈಲು ಹಳಿ ಕಿತ್ತುಹೋದಾಗ ಬಳಸಬೇಕಾದ ಅಧಿಕಾರ. ತುರ್ತು ಅಂತ ಒಂದು ಸಾಲು ಬರೆದರೆ ರೈತನ ಆಕ್ಷೇಪಣೆ ಕೇಳುವ ಕಟ್ಟಳೆಯೇ ಇಲ್ಲ. ಆ ಸೀಮೆಯಲ್ಲಿ ಒಂದಾದ ಮೇಲೊಂದು ಹಳ್ಳಿಗೆ ಈ ತುರ್ತು ಕಲಂ ಹಾಕಿದರು. ಏನು ತುರ್ತು ಸ್ವಾಮಿ? ಕಟ್ಟಡದವನಿಗೆ ಸೈಟು ಮಾಡುವ ತುರ್ತೇ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಈ ಪ್ರಶ್ನೆ ಕೇಳಿ ಗ್ರೇಟರ್ ನೋಯ್ಡಾದ ಶಾಹ್‌ಬೇರಿ ಗ್ರಾಮದ 156 ಹೆಕ್ಟೇರ್ ಸ್ವಾಧೀನದ ರದ್ದತಿಯನ್ನು ಎತ್ತಿಹಿಡಿಯಿತು. ಕೈಗಾರಿಕೆಗೆ ಅಂತ ತೆಗೆದುಕೊಂಡ ಆ ನೆಲವನ್ನು ಮನೆ ಕಟ್ಟುವ ಕಂಪನಿಗಳಿಗೆ ಕೊಟ್ಟಿದ್ದರು.

ಅದಕ್ಕೂ ಎರಡು ತಿಂಗಳ ಮೊದಲು, ಮೇ 7ರಂದು, ಅದೇ ಜಿಲ್ಲೆಯ ಭಟ್ಟಾ ಪಾರ್ಸೌಲ್ ಗ್ರಾಮದಲ್ಲಿ ಪರಿಹಾರ ಕೇಳಿ ಕೂತಿದ್ದ ರೈತರಿಗೂ ಪೊಲೀಸರಿಗೂ ಘರ್ಷಣೆಯಾಗಿ ಇಬ್ಬರು ರೈತರು, ಇಬ್ಬರು ಪೊಲೀಸರು ಸತ್ತರು. ಪೊಲೀಸರೂ ಯಾರ ಮಕ್ಕಳು? ನಮ್ಮಂಥ ಮನೆಯ ಮಕ್ಕಳೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅದೇ ವರ್ಷ ಅಕ್ಟೋಬರ್ 30ರಂದು ಮೊದಲ ಫಾರ್ಮುಲಾ ಒನ್ ರೇಸು ನಡೆಯಿತು. ಟಿಕೆಟ್ಟು 2,500 ರೂಪಾಯಿಂದ 35,000 ರೂಪಾಯಿವರೆಗೆ. ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್. ಎರಡು ದಿನ ಮುಂಚೆ ಅಭ್ಯಾಸದ ಹೊತ್ತಿನಲ್ಲಿ ಒಂದು ಬೀದಿನಾಯಿ ಟ್ರ್ಯಾಕಿಗೆ ನುಗ್ಗಿ ಓಟವನ್ನೇ ನಿಲ್ಲಿಸಿತು. ಲೋಕದ ಪತ್ರಿಕೆಗಳೆಲ್ಲ ನಾಯಿಯ ಫೋಟೊ ಹಾಕಿದವು. ಪಾಪ, ಅದಕ್ಕೆ ಸ್ವಾಧೀನದ ನೋಟೀಸು ಬಂದಿರಲಿಲ್ಲವೇನೊ!

ಇನ್ನೊಂದು ಸೊಗಸು ಕೇಳಿ. ಇದು ಕ್ರೀಡೆಯೋ, ಮನರಂಜನೆಯೋ? ಜಮೀನು ಕೊಡುವಾಗ ಕ್ರೀಡೆ. ಕೇಂದ್ರದ ಕ್ರೀಡಾ ಇಲಾಖೆಯನ್ನು 2009ರಲ್ಲಿ ಕೇಳಿದರೆ, ಇದು ಕ್ರೀಡೆ ಅಲ್ಲ, ಮನರಂಜನೆ ಅಂದಿತು. ಸರಿ, ಮನರಂಜನೆ ಆದರೆ ಮನರಂಜನಾ ತೆರಿಗೆ ಕೊಡಬೇಕಲ್ಲ? ಉತ್ತರ ಪ್ರದೇಶ ಸರ್ಕಾರ ಅದನ್ನೂ ಮಾಫಿ ಮಾಡಿತು. ರೇಸಿಗೆ ಹತ್ತು ದಿನ ಇರುವಾಗ ಸುಪ್ರೀಂ ಕೋರ್ಟು ಮಧ್ಯೆ ಬಂದು, ಟಿಕೆಟ್ಟಿನ ಹಣದಲ್ಲಿ ನಾಲ್ಕರಲ್ಲೊಂದು ಪಾಲು ಬೇರೆ ಖಾತೆಯಲ್ಲಿ ಇಡಿ ಅಂತ ಆದೇಶ ಮಾಡಬೇಕಾಯಿತು. ನಮ್ಮೂರಿನ ಬಯಲಾಟದವನು ಲೈಸೆನ್ಸಿಗೆ ಎಷ್ಟು ಸಲ ತಾಲ್ಲೂಕು ಆಫೀಸಿಗೆ ಅಲೆಯುತ್ತಾನೆ ಅಂತ ನಿಮಗೆ ಗೊತ್ತು.

ಇಷ್ಟೆಲ್ಲ ಮಾಡಿದ್ದು ಎಷ್ಟು ರೇಸಿಗೆ? 2011, 2012, 2013. ಮೂರೇ ಮೂರು ಫಾರ್ಮುಲಾ ಒನ್. ತೆರಿಗೆ ತಗಾದೆ ಬಂತು, ರೇಸಿನವರು ಗಂಟುಮೂಟೆ ಕಟ್ಟಿದರು. ಇಲ್ಲಿ ಗಳಿಸಿದ್ದಕ್ಕೆ ಇಲ್ಲಿ ತೆರಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2017ರ ಏಪ್ರಿಲಿನಲ್ಲಿ ಹೇಳುವ ಹೊತ್ತಿಗೆ ಅವರು ಹೋಗಿ ಮೂರೂವರೆ ವರ್ಷ. ಆಮೇಲೆ ಆ ಟ್ರ್ಯಾಕು ಕಾರು ಕಂಪನಿಗಳಿಗೆ, ಕ್ಲಬ್ಬುಗಳಿಗೆ ದಿನದ ಬಾಡಿಗೆಗೆ ಬಿತ್ತು. ಸೂಪರ್ ಕಾರಿನವರ ಟ್ರ್ಯಾಕ್ ಡೇ ಅಲ್ಲಿ ನಡೆದಿದ್ದು ಹೀಗೆ. 2023ರ ಸೆಪ್ಟೆಂಬರಿನಲ್ಲಿ ಒಂದು ಸಲ ಮೋಟೊ ಜಿಪಿ ಬೈಕ್ ರೇಸು ಬಂತು, ಮರು ವರ್ಷ ಬರಲಿಲ್ಲ. ಬಾಕಿ ಕಟ್ಟಲಿಲ್ಲ ಅಂತ ಪ್ರಾಧಿಕಾರ 2020ರಲ್ಲಿ ಕಂಪನಿಯ ಹಂಚಿಕೆಯನ್ನೇ ರದ್ದು ಮಾಡಿತು. 2024ರ ಜೂನಿನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2025ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟು ಆ ರದ್ದತಿಯನ್ನು ಎತ್ತಿಹಿಡಿಯಿತು.

ಈಗ ಗಮನವಿಟ್ಟು ಕೇಳಿ. ಕಂಪನಿ ಬಾಕಿ ಕಟ್ಟದಿದ್ದರೆ ನೆಲ ಪ್ರಾಧಿಕಾರಕ್ಕೆ ವಾಪಸು. ರೈತನಿಗೆ? ಆ ಮಾತೇ ಇಲ್ಲ. ಸಾರ್ವಜನಿಕ ಉದ್ದೇಶ ಮೂರು ವರ್ಷಕ್ಕೆ ಸತ್ತುಹೋಯಿತು, ಆದರೆ ಸ್ವಾಧೀನ ಮಾತ್ರ ಸಾಯಲಿಲ್ಲ. ಪರಿಹಾರದ ಕಥೆಯೂ ಕೇಳಿ. ಶೇಕಡಾ 64.7ರಷ್ಟು ಹೆಚ್ಚುವರಿ ಪರಿಹಾರ ಕೊಡಬೇಕೆಂದು ನೋಯ್ಡಾ ಕಡೆಯ ರೈತರ ಮೊಕದ್ದಮೆಯಲ್ಲಿ ಹೈಕೋರ್ಟು 2011ರ ಅಕ್ಟೋಬರಿನಲ್ಲೇ ಹೇಳಿತು. ಯಮುನಾ ಪ್ರಾಧಿಕಾರದ ರೈತರಿಗೂ ಅಷ್ಟೇ ಕೊಡಿ ಅಂತ ಸರ್ಕಾರ 2014ರಲ್ಲಿ ಆದೇಶ ಮಾಡಿತು. ಜಮೀನು ಪಡೆದ ಸಂಸ್ಥೆಗಳು ಆ ಹೊರೆ ನಮಗೆ ಬೇಡ ಅಂತ ಕೋರ್ಟಿಗೆ ಹೋದವು. ಕೊಡಲೇಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರ ಮೇ ತಿಂಗಳಲ್ಲಿ. ಸ್ವಾಧೀನಕ್ಕೆ ತುರ್ತು, ಪರಿಹಾರಕ್ಕೆ ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಮಗಳ ಮದುವೆಗೆ ಕೈಸಾಲ ಮಾಡಿದವನ ಬಡ್ಡಿಯನ್ನು ಯಾವ ಕೋರ್ಟು ಕಟ್ಟಿಕೊಟ್ಟಿತು?

‘ಹೊರದೇಶ ನೋಡಿ ಕಲಿಯಿರಿ, ಅಲ್ಲಿ ಊರೂರಿಗೂ ರೇಸ್ ಟ್ರ್ಯಾಕು ಇದೆ’ ಅಂತ ಪೇಟೆಯ ಬುದ್ಧಿವಂತರು ಹೇಳುತ್ತಾರೆ. ಆಗಲಿ, ನೋಡೋಣ. ಇಂಗ್ಲೆಂಡಿನಲ್ಲಿ ಹಳೇ ಕಾರಿನ ಮೋಜುಗಾರರಿಗೆ ಗುಡ್‌ವುಡ್ ಅಂದರೆ ಕಾಶಿ ಇದ್ದ ಹಾಗೆ. ಅದು ರಿಚ್‌ಮಂಡ್ ಡ್ಯೂಕನ ಜಹಗೀರಿನ ನೆಲ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಅಲ್ಲಿ ವಿಮಾನ ಇಳಿಸುತ್ತಿತ್ತು. ಯುದ್ಧ ಮುಗಿಯಿತು, ನೆಲ ಒಡೆಯನಿಗೆ ವಾಪಸು ಬಂತು. ವಿಮಾನದ ಮೈದಾನದ ಸುತ್ತ ಹಾಕಿದ್ದ ದಾರಿಯನ್ನೇ 1948ರಲ್ಲಿ ರೇಸ್ ಟ್ರ್ಯಾಕು ಮಾಡಿಕೊಂಡರು. ಸಿಲ್ವರ್‌ಸ್ಟೋನ್, ಥ್ರಕ್ಸ್‌ಟನ್, ಕಾಸಲ್ ಕೂಂಬ್, ಇವೂ ಯುದ್ಧಕಾಲದ ವಿಮಾನ ನೆಲೆಗಳೇ. ನಮ್ಮಲ್ಲೂ ಮದರಾಸಿನವರು ಮೊದಲು ಕಾರು ಓಡಿಸಿದ್ದು ಶೋಳಾವರಂನ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ. ಓಟಕ್ಕಾಗಿ ಯಾವ ರೈತನ ಪೈರಿನ ಮೇಲೂ ರೋಲರ್ ಹರಿಸಬೇಕಾಗಿರಲಿಲ್ಲ.

ಯುದ್ಧಕ್ಕೆ ತೆಗೆದುಕೊಂಡ ನೆಲವನ್ನೂ ಒಡೆಯನಿಗೆ ಹಿಂದಕ್ಕೆ ಕೊಡದಿದ್ದರೆ ಆ ದೇಶದಲ್ಲಿ ಏನಾಯಿತು? ಡಾರ್ಸೆಟ್ ಸೀಮೆಯ ಕ್ರಿಚೆಲ್ ಡೌನ್ ಎಂಬಲ್ಲಿ ಸರ್ಕಾರ 1938ರಲ್ಲಿ ಬಾಂಬು ಹಾಕುವ ಅಭ್ಯಾಸಕ್ಕೆ 725 ಎಕರೆ ತೆಗೆದುಕೊಂಡಿತ್ತು. ಯುದ್ಧ ಮುಗಿದ ಮೇಲೆ ಅಧಿಕಾರಿಗಳು ಹಳೇ ಒಡೆಯರ ಮನೆತನಕ್ಕೆ ಅದನ್ನು ಮರಳಿಸದೆ ಬೇರೆ ಕಡೆ ಸಾಗಹಾಕಲು ನೋಡಿದರು. ಗಲಾಟೆ ಎದ್ದಿತು, ವಿಚಾರಣೆ ಆಯಿತು. 1954ರ ಜುಲೈನಲ್ಲಿ ಕೃಷಿ ಮಂತ್ರಿ ಥಾಮಸ್ ಡಗ್ಡೇಲ್ ರಾಜೀನಾಮೆ ಕೊಟ್ಟು ಮನೆಗೆ ಹೋದ. ಬಲವಂತದಿಂದ ಪಡೆದ ನೆಲ ಸರ್ಕಾರಕ್ಕೆ ಬೇಡವಾದರೆ ಮೊದಲು ಹಳೇ ಒಡೆಯನನ್ನೇ ಕೇಳಬೇಕು ಎಂಬ ನಿಯಮ ಆ ದೇಶದಲ್ಲಿ ನೆಲೆಯಾಗಿದ್ದು ಈ ಗಲಾಟೆಯಿಂದ. 725 ಎಕರೆಗೆ ಒಬ್ಬ ಮಂತ್ರಿ ಹೋದ! ಇಲ್ಲಿ ಎರಡೂವರೆ ಸಾವಿರ ಎಕರೆಗೆ ಒಬ್ಬ ಗುಮಾಸ್ತನಾದರೂ ಹೋದನೆ?

ಅಲ್ಲಿ ನೆರೆಯವನ ಕಿವಿಗೂ ಬೆಲೆ ಇದೆ. ಉತ್ತರ ಇಂಗ್ಲೆಂಡಿನ ಕ್ರಾಫ್ಟ್ ಟ್ರ್ಯಾಕಿನ ಸದ್ದು ತಡೆಯಲಾಗದೆ ಪಕ್ಕದ ಮನೆಯವರು ಕೋರ್ಟಿಗೆ ಹೋದರು. ಗದ್ದಲದ ದಿನ ವರ್ಷಕ್ಕೆ ನಲವತ್ತು ಮಾತ್ರ ಅಂತ 2009ರಲ್ಲಿ ಮೇಲ್ಮನವಿ ಕೋರ್ಟು ಗೆರೆ ಎಳೆಯಿತು. ಇನ್ನು ಡೀಸೆಲ್ ನೋಡಿ. ಅಲ್ಲಿ ರೈತನ ಟ್ರ್ಯಾಕ್ಟರಿಗೆ ಕೆಂಪು ಬಣ್ಣ ಹಾಕಿದ ಡೀಸೆಲ್ ಬೇರೆ. 2022ರ ಮಾರ್ಚಿನಲ್ಲಿ ಗೊತ್ತುಮಾಡಿದ ದರದ ಪ್ರಕಾರ ರಸ್ತೆಯ ಡೀಸೆಲ್ಲಿಗೆ ಲೀಟರಿಗೆ ಸುಮಾರು 53 ಪೆನ್ಸ್ ಸುಂಕ, ರೈತನ ಡೀಸೆಲ್ಲಿಗೆ ಹತ್ತು ಪೆನ್ಸ್ ಚಿಲ್ಲರೆ. ಉಳುವವನು ರಸ್ತೆ ಸವೆಸುವುದಿಲ್ಲ ಎಂಬ ಸಾಮಾನ್ಯ ಬುದ್ಧಿ. ನಮ್ಮಲ್ಲಿ? ಕೇಂದ್ರದವರು 2018ರ ಬಜೆಟ್ಟಿನಲ್ಲಿ ಡೀಸೆಲ್ ಮೇಲೆ ರಸ್ತೆ ಸೆಸ್ ಅಂತಲೇ ಹೆಸರಿಟ್ಟು ಹಾಕಿದರು. ಕರ್ನಾಟಕ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮಾರಾಟ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿತು. ಹೊಲದೊಳಗೆ ಉಳುವ ಟ್ರ್ಯಾಕ್ಟರಿಗೂ ಅದೇ, ಬೆಂಗಳೂರಿನ ದೊಡ್ಡ ಕಾರಿಗೂ ಅದೇ. ಹೊರದೇಶ ನೋಡಿ ಕಲಿಯಿರಿ ಅನ್ನುವವರು ಇದನ್ನು ಯಾಕೆ ಕಲಿಯಲಿಲ್ಲ?

ನ್ಯಾಯವಾಗಿ ಇದನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದು. ಆದರೆ ಅದೇ ದಿನ ದೊಡ್ಡ ಕಾರುಗಳಿಗೆ ಸೆಸ್ ಸೇರಿ ಶೇಕಡಾ 50ರವರೆಗೆ ಇದ್ದ ತೆರಿಗೆಯೂ 40ಕ್ಕೆ ಇಳಿಯಿತು. ಐದು ಲಕ್ಷದ ಟ್ರ್ಯಾಕ್ಟರಿಗೆ ಉಳಿದದ್ದು ಎಷ್ಟು, ಕೋಟಿ ರೂಪಾಯಿ ಕಾರಿಗೆ ಉಳಿದದ್ದು ಎಷ್ಟು, ಸ್ಲೇಟು ಹಿಡಿದ ಹುಡುಗನೂ ಹೇಳುತ್ತಾನೆ.

ಹಳೇ ಗಾಡಿಯ ಮಾತಿಗೆ ಬರೋಣ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿದ ಕಾರುಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಶೇಷ ನೋಂದಣಿ ತಂದಿತು. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷದ ಮಾತು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು. ಪರಂಪರೆ ಉಳಿಯಲಿ, ನಮ್ಮ ತಕರಾರಿಲ್ಲ. ಆದರೆ ಅದೇ ದೆಹಲಿ ಸುತ್ತಿನ ಪ್ರದೇಶದಲ್ಲಿ, ಬುದ್ಧ ಟ್ರ್ಯಾಕು ಇರುವ ಜಿಲ್ಲೆಯೂ ಸೇರಿ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗಿಳಿಯಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು. ನಮ್ಮ ಟ್ರ್ಯಾಕ್ಟರಿನ ಗತಿ ಏನು ಅಂತ 2021ರಲ್ಲಿ ದೆಹಲಿ ಗಡಿಯಲ್ಲಿ ಕೂತಿದ್ದ ರೈತರು ಕೇಳಿದ್ದು ಇದನ್ನೇ. ಬ್ಯಾಂಕಿನ ಸಾಲ ತೀರಲು ಏಳೆಂಟು ವರ್ಷ. ಸಾಲ ತೀರಿ ಟ್ರ್ಯಾಕ್ಟರು ನಮ್ಮದಾಯಿತು ಅನ್ನುವಷ್ಟರಲ್ಲಿ ಅದಕ್ಕೆ ಮುದಿತನದ ಸರ್ಟಿಫಿಕೇಟು! ಸಾಹುಕಾರನ ಗಾಡಿ ಹಳೆಯದಾದರೆ ಪರಂಪರೆ, ರೈತನ ಗಾಡಿ ಹಳೆಯದಾದರೆ ಗುಜರಿ.

‘ಉತ್ತರ ಪ್ರದೇಶದ ಕಥೆ ನಮಗ್ಯಾಕೆ’ ಅಂತೀರಾ? ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಯವರನ್ನು ಕೇಳಿ. 1,777 ಎಕರೆ ಉಳಿಸಿಕೊಳ್ಳಲು 1,198 ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟೆ ಅಂತ ಘೋಷಿಸಬೇಕಾಯಿತು. ಅಲ್ಲಿ ಬಂದದ್ದು ಕೈಗಾರಿಕೆಯ ಹೆಸರು, ದನ್ಕೌರಿನಲ್ಲಿ ಬಂದದ್ದು ಆಟದ ಹೆಸರು. ಹೆಸರು ಯಾವುದಾದರೂ ನೋಟೀಸು ಬರುವುದು ಪಹಣಿಯಲ್ಲಿ ಹೆಸರಿರುವವನಿಗೇ.

ನೆನಪಿಡಿ, 2013ರ ಹೊಸ ಭೂಸ್ವಾಧೀನ ಕಾಯ್ದೆಯ 101ನೇ ಕಲಂನಲ್ಲಿ ಐದು ವರ್ಷ ಬಳಸದೆ ಬಿಟ್ಟ ನೆಲವನ್ನು ಮೂಲ ಒಡೆಯನಿಗೆ ಮರಳಿಸಬೇಕು ಅಂತಿದೆ. ಆದರೆ ಅದೇ ಸಾಲಿನಲ್ಲಿ ‘ಅಥವಾ ಸರ್ಕಾರದ ಭೂ ಬ್ಯಾಂಕಿಗೆ’ ಅಂತ ಒಂದು ಕಿಂಡಿಯೂ ಇದೆ. ಆ ಕಿಂಡಿಯಲ್ಲಿ ಆನೆ ನುಗ್ಗುತ್ತೆ. ಇನ್ನು ನಮ್ಮ ಕಡೆ ಕೈಗಾರಿಕೆಗೆ ಅಂತ ಜಮೀನು ತೆಗೆಯುವುದು 1966ರ ಕೆ.ಐ.ಎ.ಡಿ.ಬಿ. ಕಾಯ್ದೆಯ 28ನೇ ಕಲಂನಲ್ಲಿ. ಅದು ಬೇರೆಯೇ ಕೋಟೆ.

ಆದ್ದರಿಂದ ಬಾಂಧವರೆ, ನೋಟೀಸು ಹಿಡಿದು ಬಂದವರ ಮುಂದೆ ಊರಿನವರೆಲ್ಲ ಕೂತು ಇಷ್ಟು ಕೇಳಿ. ಉದ್ದೇಶ ಏನು, ಎಷ್ಟು ವರ್ಷದ್ದು? ಆ ಉದ್ದೇಶ ಸತ್ತರೆ ನೆಲ ಯಾರಿಗೆ? ಪೂರ್ತಿ ಕಿತ್ತುಕೊಳ್ಳುವ ಬದಲು ಗುತ್ತಿಗೆಗೆ ಯಾಕೆ ತೆಗೆದುಕೊಳ್ಳಬಾರದು? ನಮ್ಮ ನೆಲದ ಬಾಡಿಗೆಯಲ್ಲಿ ನಮಗೆ ವರ್ಷವರ್ಷ ಪಾಲು ಎಷ್ಟು? ಕಂಪನಿ ಮುಳುಗಿದರೆ ನಮ್ಮ ಬಾಕಿ ಬ್ಯಾಂಕಿನ ಬಾಕಿಗಿಂತ ಮುಂದೋ, ಹಿಂದೋ? ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಟ್ಟದ್ದನ್ನು ಗ್ರಾಮಸಭೆಯ ಪುಸ್ತಕದಲ್ಲಿ ದಾಖಲು ಮಾಡಿಸಿ. ಒಬ್ಬೊಬ್ಬನನ್ನೇ ಆಫೀಸಿಗೆ ಕರೆದು ರುಜು ಹಾಕಿಸಲು ನೋಡುತ್ತಾರೆ, ಒಬ್ಬರೇ ಹೋಗಬೇಡಿ.

‘ಅಥವಾ ಭೂ ಬ್ಯಾಂಕಿಗೆ’ ಎಂಬ ಆ ಮಾತನ್ನು ಕಾಯ್ದೆಯಿಂದ ಕಿತ್ತುಹಾಕಿ, ಉದ್ದೇಶ ಮುಗಿದ ನೆಲವನ್ನು ಮೊದಲು ರೈತನಿಗೇ ಕೊಡಿ ಅಂತ ನಿಮ್ಮ ಎಂ.ಪಿ.ಯನ್ನು ಕೇಳಿ. ಅದೇ ಮಾತನ್ನು ಕೆ.ಐ.ಎ.ಡಿ.ಬಿ. ಕಾಯ್ದೆಗೂ ಸೇರಿಸಿ ಅಂತ ಎಂ.ಎಲ್.ಎ.ಯನ್ನು ಕೇಳಿ. ಉಳುಮೆಯ ಡೀಸೆಲ್ಲಿಗೆ ಬೇರೆ ದರ ಕೇಳಿ. ಓಟು ಕೇಳಲು ಬಂದಾಗಲೇ ಕೇಳಿ, ಆಮೇಲೆ ಸಿಗುವುದಿಲ್ಲ.

ಕಾರಿನವರು ಓಡಿಸಿಕೊಳ್ಳಲಿ. ಹಳೇ ವಿಮಾನ ಪಟ್ಟಿಯ ಮೇಲೆ ಓಡಿಸಲಿ, ದುಡ್ಡು ಕೊಟ್ಟು ಕೊಂಡ ನೆಲದ ಮೇಲೆ ಓಡಿಸಲಿ, ನಮ್ಮ ಜೊತೆ ಕರಾರು ಮಾಡಿಕೊಂಡು ಬಾಡಿಗೆ ಕಟ್ಟಿ ಓಡಿಸಲಿ. ನಾವೂ ಬೇಲಿ ಪಕ್ಕ ನಿಂತು ನೋಡಿ ಚಪ್ಪಾಳೆ ತಟ್ಟೋಣ. ಆದರೆ ತುರ್ತು ಅಂತ ಸುಳ್ಳು ಬರೆದು ಪೈರಿನ ಮೇಲೆ ಟಾರು ಸುರಿದು, ಅದನ್ನು ಸಾರ್ವಜನಿಕ ಉದ್ದೇಶ ಅಂತ ಕರೆದರೆ, ಆ ಸಾರ್ವಜನಿಕರ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿದೆ ತೋರಿಸು ಅಂತ ಕೇಳುವ ಹಕ್ಕು ನಮಗಿದೆ.